ಹಳೆಯ ಭಾಷೆಗೂ ಹೊಸ ಭಾಷೆಗೂ ಒಂದೇ ಲೈಬ್ರರಿ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು ಲಿಪಿಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ನಾಡಿನ ಕನ್ನಡ ಒಂದು. 1960ರ ದಶಕದ ಆರಂಭದಿಂದ ಇಲ್ಲಿ ನೆಲೆಸಿರುವ ಟಿಬೆಟನ್ನರ ಲಿಪಿ ಇನ್ನೊಂದು. ಗಣಕಯಂತ್ರವಾದರೋ ಎರಡನ್ನೂ ಬರಿಯ ಸಂಖ್ಯೆಗಳಾಗಿಯೇ ಅರಿಯುತ್ತದೆ. ಆ ಸಂಖ್ಯೆಗಳನ್ನು ಎಣಿಸುವ ಕ್ರಮವೇ ಬದಲಾದರೆ ಆಗುವುದೇನು? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

'ಬೈಲಕುಪ್ಪೆ' ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ಕಾಣುವುದು ಬೈ, ಲ, ಕು, ಪ್ಪೆ ಎಂಬ 4 ಅಕ್ಷರ. ವ್ಯಂಜನ, ಸ್ವರಚಿಹ್ನೆ, ವಿರಾಮಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಇವು 9 ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕಾದ್ದರಿಂದ ಒಟ್ಟು 27 ಬೈಟುಗಳು. ಈ ವಿಧಾನದಲ್ಲಿ ಬರೆದ ಪದದ ಉದ್ದವನ್ನು ಕೇಳಿದರೆ ಪೈಥಾನ್ 2ರ ಸಾಮಾನ್ಯ ಪಠ್ಯವು 27 ಎನ್ನುತ್ತದೆ. ಪೈಥಾನ್ 3 ಅದನ್ನೇ 9 ಎನ್ನುತ್ತದೆ. ಮೊದಲ ಹತ್ತನ್ನು ಮಾತ್ರ ಉಳಿಸೆಂದರೆ ಹೊಸದು ಇಡೀ ಹೆಸರನ್ನು ಉಳಿಸುತ್ತದೆ. ಹಳೆಯದು 'ಬೈಲ' ಎಂಬುದರ ಮುಂದೆ ಕಕಾರದ ಮೂರರಲ್ಲೊಂದು ಚೂರನ್ನು ಬಿಟ್ಟು ನಿಲ್ಲುತ್ತದೆ. ಆ ಚೂರನ್ನು ಅಕ್ಷರವಾಗಿ ಓದಲು ಬಾರದು. ಊರಿನ ಹೆಸರೇ ದಾಖಲೆಯಲ್ಲಿ ಕೆಟ್ಟುಹೋಗುವುದು ಹೀಗೆ.

ಭಾಗಾಕಾರದ ವ್ಯತ್ಯಾಸ ಇನ್ನೂ ಸೂಕ್ಷ್ಮವಾದುದು. 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಎಂದೂ ಹೊಸದು 3.5 ಎಂದೂ ಉತ್ತರಿಸುತ್ತವೆ. ಎರಡೂ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಪೈಥಾನ್ 3 ಹೊರಬಂದುದು 2008ರ ಡಿಸೆಂಬರ್‌ನಲ್ಲಿ. ಸ್ವಂತ ಪ್ರೋಗ್ರಾಮು ಬರೆದವನು ಅದನ್ನೊಮ್ಮೆ ತಿದ್ದಿಕೊಂಡರೆ ಸಾಕು. ಆದರೆ ಲೈಬ್ರರಿಯೆಂಬುದು ಅನ್ಯರ ಪ್ರೋಗ್ರಾಮುಗಳಿಗೆ ಅಡಿಪಾಯವಾಗುವ ಸಿದ್ಧ ಭಾಗ. ಅದು ಹೊಸದಕ್ಕೆ ಹಾರಿದರೆ ಹಳೆಯ ಮನೆಗಳು ಕುಸಿಯುತ್ತವೆ. ಹಾರದಿದ್ದರೆ ಹೊಸ ಮನೆಗಳು ಏಳುವುದಿಲ್ಲ. ಹೀಗಾಗಿ ಒಬ್ಬರಿಗಾಗಿ ಒಬ್ಬರು ಕಾಯುವ ಸ್ಥಿತಿ ವರ್ಷಗಟ್ಟಲೆ ನಡೆಯಿತು.

ಇದಕ್ಕೆ ಮೂರು ಉಪಾಯಗಳು ಬಳಕೆಗೆ ಬಂದವು. ಮೊದಲನೆಯದು, ಎರಡು ಪ್ರತಿಗಳನ್ನು ಬೇರೆಬೇರೆಯಾಗಿ ಇಟ್ಟು, ಸ್ಥಾಪಿಸುವಾಗ ತಕ್ಕದ್ದನ್ನು ಆರಿಸುವುದು. ಆದರೆ ಪ್ರತಿಯೊಂದು ತಿದ್ದುಪಡಿಯನ್ನೂ ಎರಡು ಕಡೆ ಮಾಡಬೇಕು. ಎರಡನೆಯದು, ಹಳೆಯ ಬರಹವನ್ನು 'ಟೂ ಟು ತ್ರೀ' ಎಂಬ ಸಲಕರಣೆಯಿಂದ ಯಾಂತ್ರಿಕವಾಗಿ ಮಾರ್ಪಡಿಸುವುದು; ಆದರೆ ಪಠ್ಯವಾವುದು, ಬರಿಯ ಬೈಟುಗಳಾವುವು ಎಂಬ ಬರೆದವನ ಇಂಗಿತ ಯಂತ್ರಕ್ಕೆ ತಿಳಿಯದು. ಮೂರನೆಯದು, ಎರಡಕ್ಕೂ ಸಮ್ಮತವಾದ ನುಡಿಯಲ್ಲೇ ಬರೆದು, ಉಳಿದ ಭೇದಗಳನ್ನು ಒಂದು ಸಣ್ಣ ಮಧ್ಯವರ್ತಿಗೆ ಒಪ್ಪಿಸುವುದು. 'ಸಿಕ್ಸ್' ಎಂಬ ಲೈಬ್ರರಿ ಅಂತಹ ಮಧ್ಯವರ್ತಿ. ಎರಡು ಮೂರಲ ಆರು ಎಂಬುದೇ ಅದರ ಹೆಸರಿನ ಮರ್ಮ. ಕಡೆಗೆ ಹೆಚ್ಚಾಗಿ ಗೆದ್ದುದು ಈ ಮೂರನೆಯ ಹಾದಿಯೇ. ಭಾಷೆಯೂ ಸ್ವಲ್ಪ ಬಾಗಿತು: ಯೂನಿಕೋಡ್ ಪಠ್ಯವನ್ನು ಗುರುತಿಸಲು ಉದ್ಧರಣ ಚಿಹ್ನೆಯ ಹಿಂದೆ ಹಾಕುತ್ತಿದ್ದ 'ಯು' ಅಕ್ಷರವನ್ನು 3.0ರಲ್ಲಿ ನಿರಾಕರಿಸಿದ್ದರೂ 2012ರ 3.3ರಲ್ಲಿ ಮತ್ತೆ ಒಪ್ಪಿಕೊಂಡಿತು.

ಕಟ್ಟಿದ ಪೊಟ್ಟಣದ ಮೇಲಿನ ಚೀಟಿಯೂ ಅಷ್ಟೇ ಮುಖ್ಯ. ತಾನು ಯಾವ ಆವೃತ್ತಿಗಳಿಗೆ ಸಲ್ಲುವೆನೆಂದು ಅದು ಸಾರಬೇಕು. 2016ರಲ್ಲಿ ಬಂದ ಪಿಪ್ 9.0 ಎಂಬ ಸ್ಥಾಪಕವು ಈ ಚೀಟಿಯನ್ನು ಓದಿ, ಹಳೆಯ ಯಂತ್ರಕ್ಕೆ ಒಪ್ಪುವ ಕೊನೆಯ ಪ್ರತಿಯನ್ನೇ ಆರಿಸಿಕೊಡಲಾರಂಭಿಸಿತು. ಲೇಖಕನಿಗೆ ಮುಂದುವರಿಯುವ ಸ್ವಾತಂತ್ರ್ಯವೂ ಹಳೆಯ ಬಳಕೆದಾರನಿಗೆ ರಕ್ಷಣೆಯೂ ಒಟ್ಟಿಗೇ ದೊರೆತವು. 2020ರ ಜನವರಿ 1ಕ್ಕೆ ಪೈಥಾನ್ 2ರ ಪೋಷಣೆ ಮುಗಿಯಿತು.

ಟಿಬೆಟನ್ ಲಿಪಿಯೂ ಇಂತಹುದೇ ಸಂಕಟವನ್ನು ಕಂಡಿದೆ. 1991ರ ಮೊದಲ ಯೂನಿಕೋಡ್‌ನಲ್ಲಿ ಸ್ಥಾನ ಪಡೆದ ಅದನ್ನು ಬಳಿಕ ಕೈಬಿಟ್ಟು, 1996ರ 2.0 ಆವೃತ್ತಿಯಲ್ಲಿ ಬೇರೆ ಸಂಖ್ಯೆಗಳೊಡನೆ, ಬೇರೆ ಜೋಡಣೆಯೊಡನೆ ಮರಳಿ ಸೇರಿಸಲಾಯಿತು. ಆ ಆವೃತ್ತಿಯಿಂದ ಮುಂದೆ, ಒಮ್ಮೆ ಕೊಟ್ಟ ಸಂಕೇತವನ್ನು ಕದಲಿಸಬಾರದು, ತೆಗೆಯಬಾರದು ಎಂಬುದೇ ಯೂನಿಕೋಡ್‌ನ ನಿಯಮ. ಹಳೆಯ ಬರಹ ನಾಳೆಯೂ ಓದಲು ಬರಬೇಕಾದರೆ, ಬದಲಾವಣೆ ಮಾಡುವವರೇ ಅದರ ಹೊರೆಯಲ್ಲಿ ಒಂದು ಪಾಲನ್ನು ಹೊರಬೇಕು.