ಹೊಸ ಕೈಗೆ ಹಳೆ ಕಾರು

"ಕಲಿಯೋಕೆ ಹಳೇ ಗಾಡಿ ಸಾಕು ಬಿಡಿ, ಅಲ್ಲಿ ಇಲ್ಲಿ ಗೀರು ಬಿದ್ದರೂ ಬೇಜಾರಾಗಲ್ಲ." ಮನೆಯಲ್ಲಿ ಯಾರಾದರೂ ಹೊಸದಾಗಿ ಡಿಎಲ್ ಮಾಡಿಸಿಕೊಂಡರೆ ನೆಂಟರು, ನೆರೆಯವರು ಕೊಡುವ ಮೊದಲ ಸಲಹೆ ಇದು. ಗೀರಿನ ಲೆಕ್ಕಕ್ಕೆ ಮಾತು ಸರಿಯೇ. ಜೀವದ ಲೆಕ್ಕಕ್ಕೆ ಬಂದರೆ ಮಾತ್ರ ತಲೆಕೆಳಗು. ಲೈಸೆನ್ಸ್ ಸಿಕ್ಕ ಮೊದಲ ಕೆಲವು ತಿಂಗಳಲ್ಲೇ ಅಪಘಾತದ ಸಾಧ್ಯತೆ ಅತಿ ಹೆಚ್ಚು ಎನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಂಥ ಕೈಗೆ ನಾವು ಕೊಡುವುದು ಏರ್‌ಬ್ಯಾಗ್ ಇಲ್ಲದ, ಟೈರು ಸವೆದ, ಮನೆಯಲ್ಲಿ ಬೇರೆ ಯಾರಿಗೂ ಬೇಡವಾದ ಗಾಡಿಯನ್ನು.

ಹಳೆ ಕಾರು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿರುವ ದುಡ್ಡು ಎರಡು-ಮೂರು ಲಕ್ಷವಾದರೆ ಬೇರೆ ದಾರಿಯೂ ಇಲ್ಲ. ಬದಲಾಗಬೇಕಾದ್ದು ನಾವು ಕೇಳುವ ಪ್ರಶ್ನೆಗಳು. ಮೈಲೇಜ್ ಎಷ್ಟು ಕೊಡುತ್ತೆ, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್: ಮೂರೂ ಜೇಬಿಗೆ ಸಂಬಂಧಿಸಿದವು. ಹೊಸ ಚಾಲಕರ ಮಟ್ಟಿಗೆ ಮೊದಲು ಕೇಳಬೇಕಾದ್ದು, ಈ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು.

ಇದಕ್ಕೆ ಕಾರಣ ಹೊಸಬರ ಕಣ್ಣಿನಲ್ಲಿದೆ. 1972ರಲ್ಲಿ ಅಮೆರಿಕದ ರೊನಾಲ್ಡ್ ಮುರಾಂಟ್ ಮತ್ತು ಥಾಮಸ್ ರಾಕ್‌ವೆಲ್ ಎಂಬ ಸಂಶೋಧಕರು ಹೊಸಬರು ಮತ್ತು ಪಳಗಿದವರು ಕಾರು ಓಡಿಸುವಾಗ ಅವರ ದೃಷ್ಟಿ ಎಲ್ಲೆಲ್ಲಿ ನೆಡುತ್ತದೆ ಎಂದು ಅಳೆದು ನೋಡಿದರು. ಪಳಗಿದವರ ನೋಟ ದೂರಕ್ಕೆ ಹೋಗುತ್ತಿತ್ತು, ನಡುನಡುವೆ ಕನ್ನಡಿಗಳಿಗೆ ಹೊರಳುತ್ತಿತ್ತು. ಹೊಸಬರ ನೋಟ ಬಾನೆಟ್ಟಿನ ಮುಂದಿನ ರಸ್ತೆಗೇ ಅಂಟಿಕೊಂಡಿತ್ತು, ಕನ್ನಡಿ ನೋಡಿದ್ದೂ ಕಡಿಮೆ. ಗೇರು, ಕ್ಲಚ್ಚು, ಸ್ಟೇರಿಂಗ್ ಇವುಗಳಲ್ಲೇ ಗಮನವೆಲ್ಲ ಕರಗಿಹೋಗುವುದರಿಂದ ಎದುರಿಗೆ ಬರುವ ಅಪಾಯ ಅವರಿಗೆ ಕಾಣುವುದೇ ತಡ. ಈ ತಡ ಅಭ್ಯಾಸದಿಂದ ಮಾತ್ರ ಹೋಗುತ್ತದೆ. ಅಲ್ಲಿಯವರೆಗೆ ಅದನ್ನು ತುಂಬಿಕೊಡಬೇಕಾದ್ದು ಕಾರು.

ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದು ಅರ್ಧ ಸೆಕೆಂಡ್ ತಡವಾದರೂ ಕಾರು 8 ಮೀಟರ್ ಮುಂದೆ ಹೋಗಿರುತ್ತದೆ, ಎರಡು ಸಣ್ಣ ಕಾರುಗಳ ಉದ್ದಕ್ಕಿಂತ ಹೆಚ್ಚು. ಬ್ರೇಕ್ ಹಿಡಿದ ಮೇಲಿನದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಕೆಲಸ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಕಾರು ಸುಮಾರು 19 ಮೀಟರಿನಲ್ಲಿ ನಿಂತುಬಿಡುತ್ತದೆ. ಮಳೆಯಲ್ಲಿ, ಸವೆದ ಟೈರಿನಲ್ಲಿ ಹಿಡಿತ ಅರ್ಧದಷ್ಟಾದರೆ ಅದೇ ಕಾರಿಗೆ 38 ಮೀಟರ್ ಬೇಕು. ಇನ್ನೂ ಒಂದು ಹೆಜ್ಜೆ ಲೆಕ್ಕ ಮಾಡಿ ನೋಡಿ: ಮೊದಲನೆಯದು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿರುತ್ತದೆ. ರಸ್ತೆ ದಾಟುತ್ತಿರುವವರಿಗೆ ಆ ವೇಗದಲ್ಲಿ ಕಾರು ಬಡಿದರೆ ಬದುಕಿ ಉಳಿಯುತ್ತಾರೆಂಬ ಭರವಸೆಯಿಲ್ಲ.

ಆದ್ದರಿಂದ ಬಾನೆಟ್ ಎತ್ತುವ ಮೊದಲು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಗೀರುಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಟೈರಿನ ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂದಿದ್ದರೆ ಉಳಿದ ಆಳ 1.6 ಮಿಲಿಮೀಟರ್, ಕಾನೂನು ಒಪ್ಪುವ ಕೊನೆಯ ಗೆರೆ. ನೀರನ್ನು ಪಕ್ಕಕ್ಕೆ ತಳ್ಳಲು ಗೀರು ಸಾಲದೆ ಹೋದಾಗ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗದು. ಗೀರು ಆಳವಾಗಿ ಕಂಡ ಮಾತ್ರಕ್ಕೆ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಟೈರಿನ ಪಕ್ಕೆಯಲ್ಲಿ ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದ ಟೈರು. ಓಡದೆ ನಿಂತರೂ ಗಾಳಿಯ ಆಮ್ಲಜನಕ, ಓಝೋನ್ ಮತ್ತು ಬಿಸಿಲು ಸೇರಿ ರಬ್ಬರನ್ನು ಗಡುಸಾಗಿಸುತ್ತವೆ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. "ವಯಸ್ಸಾದವರು ಇಟ್ಟುಕೊಂಡಿದ್ದ ಗಾಡಿ, ಓಡಿಸೇ ಇಲ್ಲ" ಎಂದು ಮಾರುವ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದೇ ಮಾತು.

ಬ್ರೇಕಿನ ವಿಷಯದಲ್ಲಿ ನಮ್ಮಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗಿರುವುದು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಆಧಾರದ ದ್ರವ. ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುವುದು ಅದರ ಗುಣ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಬೆರೆತ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ. ಊರೊಳಗಿನ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಘಾಟಿಯಲ್ಲಿ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ 14 ಹಿಮ್ಮುರಿ ತಿರುವುಗಳಲ್ಲಿ ಇಳಿಯುವ ದಾರಿಯನ್ನೇ ತೆಗೆದುಕೊಳ್ಳಿ. ಜನರೂ ಸೇರಿ 1,100 ಕಿಲೋ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 54 ಲಕ್ಷ ಜೂಲ್. ಹಂಡೆಯಲ್ಲಿ 17 ಲೀಟರ್ ತಣ್ಣೀರು ಕುದಿ ಬರಿಸಲು ಸಾಕಾಗುವಷ್ಟು. ಗೇರು ಇಳಿಸಿ ಇಂಜಿನ್ನಿನ ಹಿಡಿತದಲ್ಲಿ ಇಳಿಯುವುದು ಪಳಗಿದವರಿಗೆ ಗೊತ್ತು. ಹೊಸಬರು ಬ್ರೇಕ್ ಒತ್ತಿಕೊಂಡೇ ಇಳಿಯುತ್ತಾರೆ, ಆ ಬಿಸಿಯೆಲ್ಲ ಡಿಸ್ಕು-ಡ್ರಮ್ಮುಗಳಿಗೆ ಹೋಗುತ್ತದೆ. ಅಲ್ಲಿಂದ ದ್ರವಕ್ಕೆ ಹರಿದು ಅದರಲ್ಲಿನ ನೀರು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವವನ್ನು ಕಾರು ಮಾರುವವರು ಬದಲಿಸಿರುತ್ತಾರೆಂದು ನಂಬಬೇಡಿ. ಹಳೆಯದು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉತ್ತರ ಅಲ್ಲೇ ಇದೆ.

ಇನ್ನು ಕಾರಿನ ವಯಸ್ಸು. ಭಾರತದಲ್ಲಿ 2019 ಒಂದು ದೊಡ್ಡ ಗಡಿ. ಆ ವರ್ಷದ ಏಪ್ರಿಲ್‌ನಿಂದ ತಯಾರಾದ ಎಲ್ಲ ಕಾರುಗಳಿಗೂ, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ನೆನಪಿಸುವ ಸದ್ದು, 80 ಕಿಲೋಮೀಟರ್ ದಾಟಿದರೆ ಎಚ್ಚರಿಸುವ ಬೀಪ್, ಹಿಂಬದಿಯ ಸೆನ್ಸರ್ ಬಂದವು. ಅಕ್ಟೋಬರ್‌ನಿಂದ ಎಲ್ಲ ಮಾಡೆಲ್‌ಗಳೂ ಸರ್ಕಾರದ ಡಿಕ್ಕಿ ಪರೀಕ್ಷೆ ಪಾಸಾಗಬೇಕಾಯಿತು. ಪಕ್ಕದ ಸೀಟಿನವರ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2022ರಿಂದ. ತಯಾರಾದ ತಿಂಗಳು-ವರ್ಷ ಆರ್‌ಸಿಯಲ್ಲೇ ಇರುತ್ತದೆ. ರಿಜಿಸ್ಟ್ರೇಷನ್ ತಾರೀಖನ್ನಲ್ಲ, ಅದನ್ನು ನೋಡಿ. 2019ರ ಕೊನೆಯ, ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಕಾರು ಒಂದು ಕಡೆ, 2013ರ, ಮೂವತ್ತೇ ಸಾವಿರ ಓಡಿದ ಬೇಸ್ ಮಾಡೆಲ್ ಇನ್ನೊಂದು ಕಡೆ ಇದ್ದರೆ ನಾನು ಯೋಚಿಸದೆ ಮೊದಲನೆಯದನ್ನೇ ಹೇಳುತ್ತೇನೆ.

2019ಕ್ಕಿಂತ ಹಿಂದಿನದೇ ಕೈಗೆಟಕುವುದಾದರೆ? ಆಗ ಹೆಸರಿಗಿಂತ ವೇರಿಯಂಟ್ ಮುಖ್ಯ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಫಲಿತಾಂಶ ಪ್ರಕಟಿಸಿತು. ಆಲ್ಟೊ 800, ನ್ಯಾನೋ, ಐ10, ಫಿಗೋ, ಪೋಲೋ. ಏರ್‌ಬ್ಯಾಗ್ ಇಲ್ಲದ ಐದೂ ಕಾರುಗಳಿಗೆ ಸೊನ್ನೆ ಸ್ಟಾರ್. ಆದರೆ ಸೊನ್ನೆಗಳಲ್ಲೂ ವ್ಯತ್ಯಾಸವಿತ್ತು: ಫಿಗೋ ಮತ್ತು ಪೋಲೋದಲ್ಲಿ ಜನ ಕೂರುವ ಗೂಡು ಮುದುಡದೆ ನಿಂತಿತು, ಉಳಿದ ಮೂರರಲ್ಲಿ ನಿಲ್ಲಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೋ ನಾಲ್ಕು ಸ್ಟಾರ್ ಪಡೆಯಿತು. ಗೂಡು ಗಟ್ಟಿಯಿದ್ದರೆ ಮಾತ್ರ ಏರ್‌ಬ್ಯಾಗಿಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಅಂದರೆ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಕಾರುಗಳ ನಡುವೆ ಸಾವು-ಬದುಕಿನಷ್ಟು ಅಂತರ ಇರಬಹುದು. ಬೆಲೆಯಲ್ಲಿ ಅಂತರ ಕೆಲವೇ ಸಾವಿರ ರೂಪಾಯಿ.

ಏರ್‌ಬ್ಯಾಗ್ ಎಂದು ಸ್ಟೇರಿಂಗ್ ಮೇಲೆ ಬರೆದಿದ್ದರೆ ಒಳಗೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸುವುದು ದುಬಾರಿ. ಬರೀ ಮುಚ್ಚಳ ಕೂರಿಸಿ ಮಾರುವವರಿದ್ದಾರೆ. ಪರೀಕ್ಷೆ ಸುಲಭ. ಸೀಟಿನಲ್ಲಿ ಕೂತು, ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಮಾತ್ರ ಮಾಡಿ ಮೀಟರ್ ಬೋರ್ಡ್ ನೋಡಿ. ಬೆಲ್ಟ್ ಕಟ್ಟಿದ ಮನುಷ್ಯನ ಮುಂದೆ ದುಂಡನೆಯ ಚೆಂಡಿರುವ ಕೆಂಪು ಚಿತ್ರ ಏರ್‌ಬ್ಯಾಗಿನದು, ಎಬಿಎಸ್ ಎಂಬ ಅಕ್ಷರಗಳ ಹಳದಿ ದೀಪ ಇನ್ನೊಂದು. ಎರಡೂ ಹೊತ್ತಿಕೊಳ್ಳಬೇಕು. ಕೆಲವೇ ಸೆಕೆಂಡುಗಳಲ್ಲಿ ಏರ್‌ಬ್ಯಾಗಿನದು ಆರಬೇಕು, ಎಬಿಎಸ್‌ನದು ಹೆಚ್ಚೆಂದರೆ ಕಾರು ಹೊರಟ ಕೂಡಲೇ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ಯಾರೋ ದೀಪವನ್ನೇ ಕಿತ್ತಿರಬಹುದು. ಪಕ್ಕದ ದೀಪದೊಂದಿಗೆ ತಂತಿ ಜೋಡಿಸಿ ಎರಡೂ ಒಟ್ಟಿಗೆ ಹೊತ್ತಿ ಆರುವಂತೆ ಮಾಡುವ ಕೈಚಳಕವೂ ಉಂಟು, ಹಾಗಾಗಿ ಯಾವ ದೀಪ ಯಾವಾಗ ಆರಿತು ಎಂದು ಗಮನಿಸಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿದರೆ ಅನುಮಾನಕ್ಕೆ ಎಡೆಯಿಲ್ಲ.

ಅಲ್ಲಿಗೆ ಹೋದಾಗ ಚಾಸಿಸ್ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯೇ ಎಂದೂ ಕೇಳಿ. ಜಪಾನಿನ ತಕಾಟಾ ಕಂಪನಿ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿದ ಆ ಬಿಲ್ಲೆಗಳು ಪುಡಿಪುಡಿಯಾಗುತ್ತವೆ. ಪುಡಿಯಾದದ್ದು ಅತಿ ವೇಗವಾಗಿ ಉರಿದು ಲೋಹದ ಡಬ್ಬಿಯನ್ನೇ ಸಿಡಿಸಿ ಚೂರುಗಳನ್ನು ಚಾಲಕನ ಮುಖಕ್ಕೆ ಎಸೆಯುತ್ತದೆ. ಅಮೆರಿಕದಲ್ಲಿ ಇದರಿಂದ 25ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೋಂಡಾ, ಟೊಯೋಟಾದಂಥ ಕಂಪನಿಗಳು ಭಾರತದಲ್ಲೂ ಹಳೆಯ ಕಾರುಗಳನ್ನು ವಾಪಸ್ ಕರೆಸಿ ಉಚಿತವಾಗಿ ಬದಲಿಸಿಕೊಟ್ಟವು. ಎರಡು-ಮೂರು ಕೈ ಬದಲಾದ ಕಾರಿನ ಮಾಲೀಕರಿಗೆ ರೀಕಾಲ್ ಪತ್ರ ತಲುಪದೇ ಇರಬಹುದು. ಮಂಗಳೂರು, ಕಾರವಾರದ ಸೆಕೆಯಲ್ಲಿ ಹತ್ತಾರು ಮಳೆಗಾಲ ಕಂಡ ಕಾರಾದರೆ ಇದನ್ನು ಕೇಳದೆ ಕೊಳ್ಳಲೇಬೇಡಿ.

ನೀರಿನದೇ ಇನ್ನೊಂದು ಭಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳ ಚಿತ್ರಗಳು ನೆನಪಿರಬಹುದು. ಮುಳುಗಿದ ಕಾರನ್ನು ತೊಳೆದು ಹೊಳಪು ಕೊಟ್ಟರೆ ಹೊರಗಿನಿಂದ ಏನೂ ತಿಳಿಯದು. ಆದರೆ ಏರ್‌ಬ್ಯಾಗನ್ನು ಯಾವಾಗ ಬಿಡಬೇಕೆಂದು ತೀರ್ಮಾನಿಸುವ ಪೆಟ್ಟಿಗೆ ಸಾಮಾನ್ಯವಾಗಿ ಗೇರ್ ಲಿವರಿನ ಆಸುಪಾಸಿನಲ್ಲಿ, ನೆಲಕ್ಕೆ ಹತ್ತಿರವೇ ಇರುತ್ತದೆ. ಕೊಳಕು ನೀರು ಹೊಕ್ಕ ಕನೆಕ್ಟರುಗಳಲ್ಲಿ ತುಕ್ಕು ತಿಂಗಳುಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಎಂದೂ ಹೊರಗೆ ಬಾರದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಡೆಂಟಿಂಗ್-ಪೇಂಟಿಂಗ್ ಆದ ಬಾಗಿಲಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಮುಂಭಾಗದ ಚಾಸಿಸ್ ತೋಳುಗಳನ್ನು ಬಡಿದು, ಬೆಸೆದು ನೇರ ಮಾಡಿದ ಕಾರಿಗೆ. ಡಿಕ್ಕಿಯಲ್ಲಿ ಮಡಚಿಕೊಂಡು ಪೆಟ್ಟಿನ ಶಕ್ತಿ ನುಂಗಬೇಕಾದ ಉಕ್ಕು ಅದು. ಒಮ್ಮೆ ಮಡಚಿ ನೇರಗೊಂಡದ್ದು ಎರಡನೇ ಸಲ ಮೊದಲಿನಂತೆ ಮಡಚುವುದಿಲ್ಲ. ಇದನ್ನು ಗುರುತಿಸಲು ಒಳ್ಳೆಯ ಮೆಕ್ಯಾನಿಕ್ ಕಣ್ಣೇ ಬೇಕು, ಅವರಿಗೆ ಕೊಡುವ ಫೀಸು ದಂಡವಲ್ಲ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಅದನ್ನು ಬಿಚ್ಚಿಸಿ. ಕಾನೂನಿಗೂ ವಿರುದ್ಧ, ಆ ಮಡಚುವಿಕೆಗೂ ಅಡ್ಡಿ. ಗಾಜಿಗೆ ಕಪ್ಪು ಫಿಲ್ಮ್ ಇದ್ದರೆ ಅದೂ ಹೋಗಲಿ. ಮೊದಲೇ ದೂರ ನೋಡದ ಕಣ್ಣಿಗೆ ಸಂಜೆಯ ಮಳೆಯಲ್ಲಿ ಕಪ್ಪು ಗಾಜು ಬೇಡ.

ದೊಡ್ಡ ಕಾರೋ ಸಣ್ಣದೋ ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತನ್ನ ಎರಡರಷ್ಟು ತೂಗುವ ಕಾರಿಗೆ ಡಿಕ್ಕಿಯಾದಾಗ ಹಗುರ ಕಾರಿನ ವೇಗ ಭಾರದ ಕಾರಿನದರ ಎರಡರಷ್ಟು ಹಠಾತ್ತಾಗಿ ಬದಲಾಗುತ್ತದೆ ನಿಜ. ಆದರೆ ನಮ್ಮ ಹೆದ್ದಾರಿಗಳಲ್ಲಿ ಎದುರಾಗುವುದು ಲಾರಿ, ಬಸ್ಸು. ಅವುಗಳ ಮುಂದೆ ಇನ್ನೂರು ಕಿಲೋ ಹೆಚ್ಚಿದ್ದರೂ ಕಡಿಮೆಯಿದ್ದರೂ ಒಂದೇ. ಕ್ಲಚ್ ಹಗುರವಾಗಿರಲಿ, ಗೇರು ಸಲೀಸಾಗಿ ಬೀಳಲಿ, ಸುತ್ತಲೂ ಚೆನ್ನಾಗಿ ಕಾಣಲಿ. ಓಡಿದ ಕಿಲೋಮೀಟರ್ ಅಂಕಿಯನ್ನು ಡಿಜಿಟಲ್ ಮೀಟರಿನಲ್ಲೂ ತಿರುಚಬಹುದು. ಪೆಡಲ್ ರಬ್ಬರಿನ ಸವೆತ ಮತ್ತು ಸರ್ವಿಸ್ ದಾಖಲೆ ನಂಬಿ. ಸಾಲ ತೀರಿದ ಎನ್‌ಒಸಿ ಇಲ್ಲದೆ ದುಡ್ಡು ಕೊಡಬೇಡಿ, ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ.

ಮೂರು ಲಕ್ಷ ಕೈಯಲ್ಲಿದ್ದರೆ ಎರಡೂವರೆ ಲಕ್ಷದ ಕಾರು ಹುಡುಕಿ. ಉಳಿದದ್ದು ನಾಲ್ಕು ಹೊಸ ಟೈರು, ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ವೈಪರಿಗೆ ಇರಲಿ. ಮ್ಯೂಸಿಕ್ ಸಿಸ್ಟಮ್ ಮುಂದಿನ ವರ್ಷ ನೋಡೋಣ. ಕಾರು ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಜನರಿಲ್ಲದ ಮೈದಾನಕ್ಕೆ ಹೋಗಿ, ಪಳಗಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, 40ರ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿಸಿ. ಎಬಿಎಸ್ ಚಕ್ರ ಜಾಮ್ ಆಗದಂತೆ ಸೆಕೆಂಡಿಗೆ ಹಲವು ಬಾರಿ ಒತ್ತಡ ಬಿಟ್ಟು ಹಿಡಿಯುತ್ತದೆ, ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ, ಕಟಕಟ ಸದ್ದು ಬರುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುತ್ತಾರೆ, ಅಲ್ಲಿಗೆ ಬ್ರೇಕೂ ಹೋಯಿತು. ಆ ನಡುಕದ ನಡುವೆಯೂ ಕಾಲು ಒತ್ತಿಕೊಂಡೇ ಇದ್ದು, ಸ್ಟೇರಿಂಗ್ ತಿರುಗಿಸಿ ಅಡ್ಡವಿಟ್ಟ ರಟ್ಟಿನ ಡಬ್ಬವನ್ನು ತಪ್ಪಿಸಿಕೊಂಡು ಹೋಗುವುದು ಅವರಿಗೆ ಬರುವವರೆಗೂ ಮಾಡಿಸಿ. ಆಮೇಲೆ ಹೆದ್ದಾರಿಗೆ ಬಿಡಿ.