ಅಮ್ಮನ ವೈರ್ ಬ್ಯಾಗು, ಅಜ್ಜನ ಕಂಬಳಿ: ಕೈಕೆಲಸಕ್ಕೆ ರೇಟು ಹಾಕೋದು ಹೇಗೆ?

ಕಡೂರಿನಿಂದ ಮಾತಾಡ್ತಿದ್ದೀನಿ.

ಇವತ್ತಿನ ವಿಷಯ ಶುರುವಾಗಿದ್ದು ನಮ್ಮನೆಯ ಒಂದು ಜಗಳದಿಂದ. ನಮ್ಮಮ್ಮ ವೈರ್ ಬ್ಯಾಗ್ ಹೆಣೀತಾರೆ. ಅದೇ, ಬಣ್ಣಬಣ್ಣದ ಪ್ಲಾಸ್ಟಿಕ್ ವೈರಿನ ಬುಟ್ಟಿ. ನಿಮ್ಮಜ್ಜಿ ಸಂತೆಗೆ ಒಯ್ಯುತ್ತಿದ್ದದ್ದು ನೆನಪಿರಬಹುದು. ನಡುವೆ ಒಂದಷ್ಟು ವರ್ಷ ಅದನ್ನು ಕೇಳೋರೇ ಇರಲಿಲ್ಲ. ಅಂಗಡಿಯಲ್ಲಿ ಕವರ್ ಪುಕ್ಕಟೆ ಸಿಗುವಾಗ ಬುಟ್ಟಿ ಯಾಕೆ ಬೇಕು? ಆಮೇಲೆ 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆಯ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಎಷ್ಟೋ ಪ್ಲಾಸ್ಟಿಕ್ ಸಾಮಾನಿಗೆ ದೇಶದಲ್ಲೆಲ್ಲ ನಿಷೇಧ ಬಂತು. ನಿಷೇಧ ಎಷ್ಟು ಜಾರಿಯಾಯ್ತು ಅನ್ನೋದು ಬೇರೆ ಮಾತು. ಆದ್ರೆ ವೈರ್ ಬ್ಯಾಗ್ ವಾಪಸ್ ಬಂತು, ಅದೂ ಮದುವೆಮನೆಯ ತಾಂಬೂಲದ ಬ್ಯಾಗ್ ಆಗಿ.

ಹೀಗಿರುವಾಗ ತರೀಕೆರೆ ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. "ಅಕ್ಕ, ಮಗಳ ಮದುವೆ. 50 ಬ್ಯಾಗ್ ಬೇಕು, ಐದು ವಾರ ಟೈಮಿದೆ. ಒಂದಕ್ಕೆ 150 ಕೊಡ್ತೀವಿ." ಅಮ್ಮ ಒಪ್ಪಿಕೊಳ್ಳೋದರಲ್ಲಿದ್ರು. ನಾನು ಬಿಕಾಂ ಓದಿದವಳು, ಸುಮ್ಮನಿರೋಕಾಗಲಿಲ್ಲ. ಪೆನ್ನು ಹಿಡಿದು ಕೂತೆ.

16 ರೂಪಾಯಿಯ ಲೆಕ್ಕ

ಒಂದು ಬ್ಯಾಗಿಗೆ ವೈರು, ಹಿಡಿ ಎಲ್ಲಾ ಸೇರಿ 70 ರೂಪಾಯಿ. ಹೆಣೆಯೋಕೆ ಅಮ್ಮನಿಗೆ 5 ಗಂಟೆ. 150ರಲ್ಲಿ 70 ಕಳೆದರೆ ಉಳಿಯೋದು 80. ಅಂದ್ರೆ ಗಂಟೆಗೆ 16 ರೂಪಾಯಿ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46. ಮಣ್ಣು ಹೊರೋ ಕೆಲಸಕ್ಕೆ ಸರ್ಕಾರವೇ ಕೊಡೋ ಕೂಲಿಯ ಮೂರನೇ ಒಂದು ಭಾಗ ಮಾತ್ರ ನಮ್ಮಮ್ಮನ ಬೆರಳಿಗೆ ಸಿಗ್ತಿತ್ತು. ಐದು ವಾರದಲ್ಲಿ 50 ಬ್ಯಾಗ್ ಅಂದ್ರೆ 250 ಗಂಟೆ, ದಿನಕ್ಕೆ ಏಳು ಗಂಟೆಗೂ ಜಾಸ್ತಿ. ವೈರ್ ಎಳೆದೆಳೆದು ಬೆರಳಿನ ಸಂದಿ ಕೊಯ್ದು ಹೋಗುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನರೇಗಾ ರೇಟೇ ಹಿಡಿದರೂ 5 ಗಂಟೆಗೆ 230, ವೈರಿಗೆ 70, ಒಟ್ಟು 300 ರೂಪಾಯಿ. "300ಕ್ಕೆ ಕಮ್ಮಿ ಬೇಡಮ್ಮ" ಅಂದೆ. ಅಮ್ಮ ಹೇಳಿದ್ರು. ಅವರು ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ರು. "50 ಬೇಡ ಅಕ್ಕ, 12 ಸಾಕು. ಬೀಗರ ಕಡೆಯವರಿಗೆ, ನಮ್ಮ ಅಕ್ಕತಂಗೀರಿಗೆ ಕೊಡ್ತೀವಿ. ಮಿಕ್ಕವರಿಗೆ ಅಂಗಡಿಯಿಂದ ರೆಡಿಮೇಡ್ ತರ್ತೀವಿ."

ಆವಾಗ ಶುರುವಾಯ್ತು ನೋಡಿ ಜಗಳ. 50 ಬ್ಯಾಗ್ ಮಾಡಿದ್ದರೆ ಅಮ್ಮನ ಕೈಗೆ ಬರ್ತಿದ್ದದ್ದು 4,000. ಈಗ 12 ಬ್ಯಾಗಿಗೆ ಬಂದದ್ದು 2,760. ನಾನು ಹೇಳಿದೆ, "60 ಗಂಟೆಗೇ 2,760 ಬಂತಲ್ಲಮ್ಮ!" ಅಮ್ಮ ಹೇಳಿದ್ದು, "ಅಲ್ಲ ಕಣೇ, ಉಳಿದ 190 ಗಂಟೆ ನಾನೇನು ಮಾಡ್ಲಿ? ಟಿವಿ ನೋಡ್ಲಾ?"

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಕಾಲೇಜಲ್ಲಿ ಓದಿದ ಪುಸ್ತಕದಲ್ಲಿ, ಆ ಹೊತ್ತಲ್ಲಿ ಬೇರೆ ಕಡೆ ದುಡೀಬಹುದು ಅಂತ ಸಲೀಸಾಗಿ ಬರೆದಿರುತ್ತೆ. ಆದ್ರೆ 50 ದಾಟಿದ ಹೆಂಗಸಿಗೆ ಕಡೂರಲ್ಲಿ ಮನೆ ಕೆಲಸ ಮುಗಿಸಿದ ಮೇಲೆ ಆ ಬೇರೆ ಕಡೆ ಎಲ್ಲಿದೆ? ಹಾಗಾದ್ರೆ ನಾನು ಮಾಡಿದ್ದು ಸರೀನಾ ತಪ್ಪಾ? ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಸುತ್ತಮುತ್ತಲ ಕೈಕೆಲಸಗಳನ್ನ ನೋಡೋಕೆ ಶುರು ಮಾಡಿದೆ.

ಜನ ಯಾಕೆ ಇನ್ನೂ ಕೈಯಲ್ಲಿ ಮಾಡಿದ್ದನ್ನೇ ಕೇಳ್ತಾರೆ?

ಮೊದಲು ಆ 12ರ ವಿಷಯ. ದುಡ್ಡು ಜಾಸ್ತಿ ಆದಾಗ ಅವರು ಕೈಯಲ್ಲಿ ಹೆಣೆದ ಬ್ಯಾಗನ್ನ ಪೂರ್ತಿ ಬಿಡಲಿಲ್ಲ. ತೀರಾ ಹತ್ತಿರದವರಿಗೆ ಅಂತ ಎತ್ತಿಟ್ಟರು. ಇದು ಬರೀ ತರೀಕೆರೆಯ ಒಂದು ಮನೆಯ ಕಥೆ ಅಲ್ಲ. 2015ರಲ್ಲಿ 'ಜರ್ನಲ್ ಆಫ್ ಮಾರ್ಕೆಟಿಂಗ್' ಅನ್ನೋ ಪತ್ರಿಕೆಯಲ್ಲಿ ಕ್ರಿಸ್ಟೋಫ್ ಫುಕ್ಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದ್ರು. ಕೈಯಲ್ಲಿ ಮಾಡಿದ್ದು ಅಂತ ಗೊತ್ತಾದರೆ ಜನ ಶೇ 17ರವರೆಗೆ ಹೆಚ್ಚು ಬೆಲೆ ಕೊಡೋಕೆ ತಯಾರಿರ್ತಾರೆ. ಅದರಲ್ಲೂ ದೂರದವರಿಗಿಂತ ಪ್ರೀತಿಪಾತ್ರರಿಗೆ ಉಡುಗೊರೆ ಕೊಡುವಾಗ ಈ ಒಲವು ಜಾಸ್ತಿ. ಮಾಡಿದವರ ಪ್ರೀತಿ ವಸ್ತುವಿನೊಳಗೇ ಸೇರಿದೆ ಅಂತ ಕೊಳ್ಳುವವರಿಗೆ ಅನಿಸುತ್ತಂತೆ.

ಆದ್ರೆ ಗಮನಿಸಿ: ಅದು ಶೇ 17. ಅಮ್ಮನ ಬ್ಯಾಗಿಗೆ ನಾನು ಏರಿಸಿದ್ದು ನೂರಕ್ಕೆ ನೂರು. ಪ್ರೀತಿಗೂ ಒಂದು ಮಿತಿ ಇದೆ ಅಂತ ಅಂದೇ ಗೊತ್ತಾಯ್ತು.

ಇನ್ನೊಂದು ಕಾರಣ ನೋಡೋಕೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೇ ಹೋಗಬೇಕು. ಅಲ್ಲಿರೋ ಅಮೃತೇಶ್ವರ ದೇವಸ್ಥಾನ 1196ರದ್ದು. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಮಂಟಪದೊಳಗೆ ನಿಂತು ಕತ್ತೆತ್ತಿ ಛಾವಣಿ ನೋಡಿ. ಅಲ್ಲಿ ಕೆಲಸ ಮಾಡಿದವರಲ್ಲಿ ರೂವಾರಿ ಮಲ್ಲಿತಮ್ಮ ಒಬ್ಬ. ಅವನ ಹೆಸರು ಆಮೇಲೆ ಸೋಮನಾಥಪುರದ ಶಿಲ್ಪಗಳ ಕೆಳಗೂ ಸಿಗುತ್ತೆ. ಎಂಟುನೂರು ವರ್ಷದ ಹಿಂದೆಯೇ ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಇದನ್ನ ಮಾಡಿದ್ದು ಇಂಥವರು ಅಂತ ತಿಳಿದಾಗ ಆ ವಸ್ತುವನ್ನ ನೋಡೋ ರೀತಿಯೇ ಬದಲಾಗುತ್ತೆ. ಇವತ್ತು ಇನ್‌ಸ್ಟಾಗ್ರಾಂನಲ್ಲಿ ಬ್ಯಾಗ್ ಹೆಣೆಯೋ ರೀಲ್ಸ್ ಹಾಕಿ, ಮಾಡಿದವರ ಮುಖ ತೋರಿಸಿ ಮಾರೋರು ಮಾಡ್ತಿರೋದೂ ಅದನ್ನೇ.

ಹಾಗಾದ್ರೆ ಕಂಬಳಿ ಯಾಕೆ ಹೋಯ್ತು?

ಕೇಳೋರು ಇದ್ದರೂ ಕೆಲವು ಕೈಕೆಲಸ ಕಣ್ಮರೆ ಆಗ್ತಿವೆಯಲ್ಲ, ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಜ್ಜಂಪುರದಲ್ಲಿ, ಅಮ್ಮನ ತವರಿನಲ್ಲಿ. ನಮ್ಮಜ್ಜನ ಹತ್ರ ಒಂದು ಕರೀ ಕಂಬಳಿ ಇತ್ತು. ಈರುಳ್ಳಿ ಹೊಲದಲ್ಲಿ ರಾತ್ರಿ ಕಾವಲಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಮಳೆ ಬಂದರೆ ತಲೆ ಮೇಲೆ ಕೊಪ್ಪೆ. ದೇವರ ಕಾರ್ಯಕ್ಕೆ ಕಂಬಳಿ ಗದ್ದುಗೆ ಬೇಕೇ ಬೇಕು. ಉಣ್ಣೆಯಲ್ಲಿರೋ ಜಿಡ್ಡು, ಒತ್ತಾದ ನೇಯ್ಗೆ, ಎರಡೂ ಸೇರಿ ಮಳೆ ನೀರು ಬೇಗ ಒಳಗೆ ಇಳಿಯಲ್ಲ.

ಅದನ್ನ ಮಾಡೋದು ಹೇಗೆ ಗೊತ್ತಾ? ಕುರಿ ತುಪ್ಪಟ ಕತ್ತರಿಸಬೇಕು. ಅದನ್ನ ಬಿಡಿಸಿ, ಹಿಂಜಿ, ಕೈಯಲ್ಲಿ ನೂಲು ತೆಗೀಬೇಕು. ಹಾಸಿನ ನೂಲನ್ನ ಉದ್ದಕ್ಕೆ ಕಟ್ಟಿ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಆಮೇಲೆ ಕುಣಿ ಮಗ್ಗದಲ್ಲಿ ಕೂತು ನೇಯಬೇಕು. ನಮ್ಮ ಬಯಲುಸೀಮೆಯಲ್ಲಿ ಕುರುಬ ಸಮುದಾಯದ ಮನೆಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇವತ್ತಿಗೂ ಕಂಬಳಿಗೆ ಹೆಸರುವಾಸಿ.

ಇದರಲ್ಲಿ ನಮ್ಮ ಕಣ್ಣಿಗೆ ಬೀಳೋದು ಮಗ್ಗದ ಮುಂದೆ ಕೂತವರು ಮಾತ್ರ. ಆದ್ರೆ ಒಂದು ಮಗ್ಗ ನಡೀಬೇಕಾದ್ರೆ ಹಿಂದೆ ಹಲವರು ನೂಲುತ್ತಿರಬೇಕು. ಹೆಚ್ಚಾಗಿ ಮನೆ ಹೆಂಗಸರೇ ಅಡುಗೆ, ದನಕರು, ಮಕ್ಕಳ ನಡುವೆ ಆ ಕೆಲಸ ಮಾಡ್ತಿದ್ರು. "ಮನೇಲಿ ಕೂತು ಮಾಡೋ ಕೆಲಸ ತಾನೆ" ಅಂತ ಆ ಗಂಟೆಗಳಿಗೆ ಬೆಲೆಯೇ ಇರಲಿಲ್ಲ. ಅದಕ್ಕೇ ಕಂಬಳಿ ಅಗ್ಗಕ್ಕೆ ಸಿಗ್ತಿತ್ತು. ಯಾವಾಗ ತೋಟದ ಕೂಲಿ, ಗಾರ್ಮೆಂಟ್ಸ್ ಕೆಲಸ, ಓದು ಅಂತ ಬೇರೆ ದಾರಿ ಕಂಡಿತೋ ಆಗ ನೂಲೋ ಕೈ ಕಮ್ಮಿ ಆಯ್ತು. ಯಾರೂ ತಪ್ಪು ಮಾಡಲಿಲ್ಲ. ಬೆಲೆ ಇಲ್ಲದ ಗಂಟೆ, ಬೆಲೆ ಇರೋ ಕಡೆ ಹೋಯ್ತು ಅಷ್ಟೇ.

ಬೇರೆ ಕಾರಣಗಳೂ ಇವೆ. ಕುರಿಯನ್ನ ಈಗ ಉಣ್ಣೆಗಿಂತ ಮಾಂಸಕ್ಕೇ ಸಾಕ್ತಾರೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆಯನ್ನೇ ಮತ್ತೆ ನೂಲಾಗಿಸಿ ಮಾಡೋ ಅಗ್ಗದ ಹೊದಿಕೆಗಳು ದೇಶದ ಮೂಲೆಮೂಲೆಗೂ ಬರ್ತವೆ. ಕಾನೂನಿನ ರಕ್ಷಣೆಯೂ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೇ ಮೀಸಲಾದ 11 ಬಗೆಯ ಬಟ್ಟೆಗಳಲ್ಲಿ ಕಂಬಳಿಯೂ ಒಂದು. ಪವರ್‌ಲೂಮ್ ಅದನ್ನ ನೇಯುವ ಹಾಗಿಲ್ಲ. ಆದ್ರೆ ಕೂತು ನೂಲಿ ಅಂತ ಯಾರಿಗೂ ಕಾನೂನು ಹೇಳೋಕಾಗಲ್ಲವಲ್ಲ!

ಅಮ್ಮನಿಗೆ ಇದನ್ನೇ ಹೇಳಿದೆ. "ನೀನು 16 ರೂಪಾಯಿಗೆ ಹೆಣೆದರೆ ಇವತ್ತು ಆರ್ಡರ್ ಉಳಿಯುತ್ತೆ. ಆದ್ರೆ ನಾನು ಹೆಣೀತೀನಾ? ಪಕ್ಕದ ಮನೆ ಹುಡುಗಿ ಹೆಣೀತಾಳಾ? ನಿನ್ನ ಜೊತೆಗೇ ಇದು ಮುಗಿಯುತ್ತೆ." ಅಮ್ಮ ಏನೂ ಹೇಳಲಿಲ್ಲ. ಅಜ್ಜಿಯಿಂದ ತಾನು ನೂಲೋದು ಕಲಿಯಲಿಲ್ಲ ಅನ್ನೋದು ನೆನಪಾಯ್ತೇನೋ.

ಕೈ ಅದೇ, ರೂಪ ಬೇರೆ

ಉಳಿದುಕೊಂಡ ಕೈಕೆಲಸಗಳು ಹೇಗೆ ಉಳಿದವು? ನಮ್ಮ ಮೂರೂ ಕಡೆ ಲಂಬಾಣಿ ತಾಂಡಾಗಳಿವೆ. ಕನ್ನಡಿ, ಕವಡೆ, ನಾಣ್ಯ ಇಟ್ಟು ಹೊಲಿದ ಫೇಟಿಯಾ, ಕಾಂಚಳಿ ನೋಡಿರ್ತೀರಿ. ಅವು ಮಾರೋಕೆ ಅಂತ ಮಾಡಿದ್ದಲ್ಲ, ತಾವೇ ತೊಡೋಕೆ. ಹೊಲಿದವಳೇ ಉಡುವಾಗ ಗಂಟೆ ಲೆಕ್ಕ ಬೇಕಿರಲಿಲ್ಲ. ಮಾರುಕಟ್ಟೆಗೆ ಬಂದಾಗ ಬೇಕಾಯ್ತು. ಇಡೀ ಉಡುಪಿನ ಕಸೂತಿಗೆ ನ್ಯಾಯವಾದ ಕೂಲಿ ಕೊಟ್ಟು ಕೊಳ್ಳೋರು ಕಮ್ಮಿ. ಅದಕ್ಕೇ ಸಂಡೂರಿನಲ್ಲಿ ಅದೇ ಹೊಲಿಗೆ ದಿಂಬಿನ ಕವರಿಗೆ, ಕೈಚೀಲಕ್ಕೆ ಬಂತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಹೊರಗಿನ ಜಗತ್ತಲ್ಲೂ ಇದೇ ತಾಕಲಾಟ ಇದೆ. ಎಟ್ಸಿ ಅನ್ನೋ ಅಮೆರಿಕದ ವೆಬ್‌ಸೈಟ್ 2005ರಲ್ಲಿ ಕೈಯಲ್ಲಿ ಮಾಡಿದ ವಸ್ತುಗಳಿಗೆ ಅಂತಲೇ ಶುರುವಾಯ್ತು. 2013ರಲ್ಲಿ ನಿಯಮ ಬದಲಾಯಿಸಿ, ಮಾರೋರು ಹೊರಗಿನ ತಯಾರಕರ ನೆರವು ಪಡೀಬಹುದು ಅಂತು. ಯಾಕೆಂದ್ರೆ ಆರ್ಡರ್ ಹೆಚ್ಚಾದ ಹಾಗೆ ಕೈ ಹೆಚ್ಚಾಗಲ್ಲ, ದಿನಕ್ಕೆ ಗಂಟೆಯೂ ಹೆಚ್ಚಾಗಲ್ಲ.

ನಾವೂ ಇದರಿಂದ ಕಲಿತ್ವಿ. ಬೆಲೆ ಏರಿಸೋದು ಒಂದೇ ದಾರಿ ಅಲ್ಲ, ಗಂಟೆ ಕಮ್ಮಿ ಹಿಡಿಯೋ ವಸ್ತು ಹುಡುಕೋದೂ ಒಂದು ದಾರಿ. ಅಮ್ಮ ಈಗ ದೇವಸ್ಥಾನಕ್ಕೆ ಹೂವು-ಕಾಯಿ ಒಯ್ಯೋ ಸಣ್ಣ ಬುಟ್ಟಿ ಹೆಣೀತಾರೆ. ವೈರ್ 25 ರೂಪಾಯಿ, ಎರಡು ಗಂಟೆ ಕೆಲಸ. ಗಂಟೆಗೆ 46ರಂತೆ ಲೆಕ್ಕ ಹಾಕಿದರೆ 117 ಆಗುತ್ತೆ, 120ಕ್ಕೆ ಮಾರ್ತಾರೆ. ತಾಂಬೂಲಕ್ಕೂ ಜನ ಇದನ್ನೇ ಕೇಳೋಕೆ ಶುರು ಮಾಡಿದ್ದಾರೆ. ದೊಡ್ಡ ಬ್ಯಾಗು 300ಕ್ಕೇ ನಿಂತಿದೆ.

ನೀವೂ ಮಾರೋದಾದ್ರೆ

ನಿಮ್ಮನೇಲೂ ಯಾರಾದ್ರೂ ಹೆಣೆಯೋರು, ಹೊಲಿಯೋರು ಇದ್ದರೆ ಮೂರು ಮಾತು.

ಒಂದು, ಒಂದು ವಸ್ತುವಿಗೆ ಎಷ್ಟು ಗಂಟೆ ಹಿಡೀತು ಅಂತ ಬರೆದಿಡಿ. ಅಂದಾಜು ಬೇಡ, ಗಡಿಯಾರ ನೋಡಿ ಬರೀರಿ. ಎರಡು, ಜಿಎಸ್‌ಟಿ ಅಂತ ಹೆದರಬೇಡಿ. ರಾಜ್ಯದೊಳಗೆ ವಸ್ತು ಮಾತ್ರ ಮಾರೋ ಸಣ್ಣ ವ್ಯಾಪಾರಕ್ಕೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಅಂಥವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ರಾಜ್ಯದೊಳಗೆ ಆನ್‌ಲೈನ್ ಮಾರುಕಟ್ಟೆಗಳಲ್ಲೂ ಮಾರಬಹುದು, 2023ರ ಅಕ್ಟೋಬರ್ 1ರಿಂದ ಈ ಅವಕಾಶ ಇದೆ. ಮೂರು, ಯಾರು ಮಾಡಿದ್ದು ಅಂತ ಒಂದು ಚೀಟಿ ಕಟ್ಟಿ.

ಕೊಳ್ಳೋರಿಗೆ ಒಂದೇ ಮಾತು. ಚೌಕಾಸಿ ಮಾಡೋ ಮುಂಚೆ, "ಇದಕ್ಕೆ ಎಷ್ಟು ಹೊತ್ತು ಹಿಡೀತು?" ಅಂತ ಕೇಳಿ. ಉತ್ತರ ಕೇಳಿದ ಮೇಲೂ ಚೌಕಾಸಿ ಮಾಡಬೇಕು ಅನ್ನಿಸಿದರೆ ಮಾಡಿ.

ಆ 190 ಗಂಟೆಯ ಪ್ರಶ್ನೆಗೆ ನನ್ನ ಹತ್ರ ಇನ್ನೂ ಪೂರ್ತಿ ಉತ್ತರ ಇಲ್ಲ. ಆ ತಿಂಗಳು ಅಮ್ಮ ಒಂದು ಬ್ಯಾಗೂ ಹೆಚ್ಚಿಗೆ ಮಾರಲಿಲ್ಲ, ಅದು ನಿಜ. ಆದ್ರೆ ಈಗ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರ್ತಿದೆ: "ಬುಟ್ಟಿ 2 ಗಂಟೆ." ನಾನು ಬರೀರಿ ಅಂತ ಹೇಳಿರಲಿಲ್ಲ. ಮೊನ್ನೆ ಪಕ್ಕದ ಮನೆ ಹುಡುಗಿ ಬಂದು, "ಆಂಟಿ, ನನಗೂ ಹೇಳಿಕೊಡ್ತೀರಾ?" ಅಂದಳು. ಅಮ್ಮ ಮೊದಲು ಕೇಳಿದ್ದು, "ಎಷ್ಟು ಹೊತ್ತು ಕೂರ್ತೀಯ?"

ನಿಮ್ಮನೇಲಿ ಯಾರು ಏನು ಹೆಣೀತಾರೆ, ಗಂಟೆಗೆ ಎಷ್ಟು ಬೀಳುತ್ತೆ, ಲೆಕ್ಕ ಹಾಕಿ ವಾಯ್ಸ್ ನೋಟ್ ಕಳಿಸಿ.