ಮದುವೆಗೆ ಮುದ್ದತ್ತು ಉಂಟೆ?



ಮೊನ್ನೆ ಪೂಜೆ ಮುಗಿಸಿ ನಾವು ಹೊರಗೆ ಬಂದು ಕುಳಿತಾಗ, ಕಾಯಿದೆ ಓದುತ್ತಿರುವ ಭಕ್ತರ ಮಗನೊಬ್ಬನು ನಮಸ್ಕರಿಸಿ ಒಂದು ಪ್ರಶ್ನೆಯನ್ನು ಕೇಳಿದನು. "ಅಜ್ಜಾರ, ಗಾಡಿ ಲೈಸನ್ಸಿಗೆ ಮುದ್ದತ್ತು ಐತಿ, ಬಂದೂಕಿನ ಲೈಸನ್ಸಿಗೆ ಮುದ್ದತ್ತು ಐತಿ. ಮದುವಿಗೆ ಯಾಕಿಲ್ಲ? ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಇಲ್ಲಂದ್ರ ತಾನೇ ರದ್ದಾಗಬೇಕು ಅಂದ್ರ ತಪ್ಪೇನು?" ಪಕ್ಕದಲ್ಲಿದ್ದ ಹಿರಿಯರು ಅವನ ಮೇಲೆ ರೇಗಿದರು. ನಾವು ರೇಗಲಿಲ್ಲ. ಇದು ಹುಡುಗಾಟಿಕೆಯ ಪ್ರಶ್ನೆಯಲ್ಲ. ತಿಳಿದವರೂ ಕೇಳಿದ ಪ್ರಶ್ನೆ.

2007ರಲ್ಲಿ ಜರ್ಮನಿ ದೇಶದ ಬವೇರಿಯಾ ಪ್ರಾಂತದಲ್ಲಿ ಗೇಬ್ರಿಯೆಲೆ ಪೌಲಿ ಎಂಬ ರಾಜಕೀಯ ನಾಯಕಿಯು, ಮದುವೆಯು 7 ವರ್ಷಕ್ಕೆ ತಾನಾಗಿ ಮುಗಿಯಲಿ, ಬೇಕೆಂಬವರು ಮುಂದುವರಿಸಲಿ ಎಂದು ಸೂಚಿಸಿದರು. ಅವರ ಪಕ್ಷವೇ ಒಪ್ಪಲಿಲ್ಲ. ಪಕ್ಷದ ಅಧ್ಯಕ್ಷಸ್ಥಾನಕ್ಕೆ ನಿಂತಿದ್ದ ಅವರು ಸೋತರು. 2011ರಲ್ಲಿ ಮೆಕ್ಸಿಕೋ ನಗರದ ಶಾಸನಸಭೆಯ ಮುಂದೆ ಇಂಥದೇ ಇನ್ನೊಂದು ಸೂಚನೆ ಬಂದಿತು. ಕನಿಷ್ಠ 2 ವರ್ಷದ ಕರಾರು. ಅಗಲಿದರೆ ಮಕ್ಕಳು ಯಾರ ಬಳಿ, ಆಸ್ತಿ ಯಾರಿಗೆ ಎಂಬುದನ್ನು ಅದರಲ್ಲಿಯೇ ಬರೆದಿಡುವುದು. ಅದೂ ಕಾಯಿದೆಯಾಗಲಿಲ್ಲ. ಅದನ್ನು ತಂದವರ ಉದ್ದೇಶ ಕೆಟ್ಟದಾಗಿರಲಿಲ್ಲ. ಕೋರ್ಟು ಕಚೇರಿ ಅಲೆದು ಬಳಲುವ ದಂಪತಿಗಳಿಗೆ ಸುಲಭದ ದಾರಿ ಇರಲಿ ಎಂಬುದಷ್ಟೇ ಅವರ ಆಶಯ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಮೇರಿಕದಲ್ಲಿ ಮದುವೆಗೆ ಮುಂಚೆ ಸರಕಾರದ ಪರವಾನಗಿ ಪಡೆಯಬೇಕು. ನ್ಯೂಯಾರ್ಕಿನಲ್ಲಿ ಅದು 60 ದಿವಸ ನಡೆಯುತ್ತದೆ, ಅಷ್ಟರೊಳಗೆ ಮದುವೆಯಾಗದಿದ್ದರೆ ಹೊಸದನ್ನು ಪಡೆಯಬೇಕು. ನಮ್ಮಲ್ಲಿಯೂ 1954ರ ವಿಶೇಷ ವಿವಾಹ ಕಾಯಿದೆಯಂತೆ ಕೊಟ್ಟ ನೋಟೀಸು 3 ತಿಂಗಳಲ್ಲಿ ಮದುವೆ ನಡೆಯದಿದ್ದರೆ ಬಿದ್ದುಹೋಗುತ್ತದೆ. ಅಂದಮೇಲೆ ಮುದ್ದತ್ತು ಇರುವುದು ಮದುವೆಯಾಗುವ ಅಪ್ಪಣೆಗೆ, ಆದ ಮದುವೆಗಲ್ಲ. ಹುಡುಗನು ಕೇಳಿದ್ದು ಎರಡನೆಯದಕ್ಕೂ ಮುದ್ದತ್ತು ಏಕೆ ಬೇಡ ಎಂದು.

ವಿವಾಹ ಶಬ್ದವು 'ವಹ' ಧಾತುವಿನಿಂದ ಬಂದುದು. ವಧುವನ್ನು ಕರೆದೊಯ್ಯುವುದು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಅದೇ ಧಾತುವಿಗೆ ಹೊರುವುದು ಎಂಬ ಅರ್ಥವೂ ಉಂಟು. ನಮಗೆ ಈ ಅರ್ಥವೇ ಹೆಚ್ಚು ರುಚಿಸುತ್ತದೆ. ಒಬ್ಬರ ಭಾರವನ್ನು ಒಬ್ಬರು ಹೊರುವುದು.

ನೀವು ಒಕ್ಕಲುತನದವರು. ವರ್ಷದ ಲಾವಣಿಗೆ ಹಿಡಿದ ಹೊಲಕ್ಕೆ ಯಾರಾದರೂ ಒಡ್ಡು ಹಾಕಿಸುತ್ತಾರೆಯೆ? ಮಾವಿನ ಸಸಿ ನೆಡುತ್ತಾರೆಯೆ? ಈ ವರ್ಷದ ಪೀಕು ಬಂದರೆ ಸಾಕು, ಬರುವ ವರ್ಷ ಯಾರ ಪಾಲೋ ಎನ್ನುತ್ತಾರೆ. (ಸಂಸಾರವನ್ನು ಹೊಲಕ್ಕೆ ಹೋಲಿಸಿದೆವು, ಹೆಂಡತಿಯನ್ನಲ್ಲ. ಇಬ್ಬರೂ ಅಲ್ಲಿ ಒಕ್ಕಲಿಗರೇ. ತಾಯಂದಿರು ತಪ್ಪು ತಿಳಿಯಬಾರದು.) ಐದು ವರ್ಷಕ್ಕೆ ಮುಗಿಯುವ ಸಂಸಾರದಲ್ಲಿ ಮಕ್ಕಳನ್ನು ಹೆತ್ತು, ಅತ್ತೆ ಮಾವಂದಿರ ಸೇವೆ ಮಾಡಿ, ಕೈಯಲ್ಲಿದ್ದ ನೌಕರಿಯನ್ನೂ ಬಿಟ್ಟವಳು ಮುದ್ದತ್ತಿನ ದಿವಸ ಏನನ್ನು ಹಿಡಿದು ನಿಲ್ಲಬೇಕು? ಗಂಡನಾದವನು ಹೊಡೆಯಬೇಕಾಗಿಲ್ಲ, ಬಯ್ಯಬೇಕಾಗಿಲ್ಲ, ಕಾರಣ ಹೇಳಬೇಕಾಗಿಯೂ ಇಲ್ಲ. ಸಹಿ ಮಾಡದೆ ಸುಮ್ಮನಿದ್ದರಾಯಿತು.

ಈಗಿನ ಕಾಯಿದೆಯಲ್ಲಿ ಹೊರಗೆ ಬರುವ ದಾರಿ ಇಲ್ಲವೆಂದಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟು ಒಳಗೊಂಡಿದೆ. ಕ್ರೌರ್ಯ ಮೊದಲಾದ ಕಾರಣಗಳಿಗೆ ವಿಚ್ಛೇದನವುಂಟು. 1976ರ ತಿದ್ದುಪಡಿಯಿಂದ, ಒಂದು ವರ್ಷ ಬೇರೆಯಾಗಿದ್ದ ದಂಪತಿಗಳು ಇಬ್ಬರೂ ಒಪ್ಪಿ ಅರ್ಜಿ ಕೊಟ್ಟು, 6 ತಿಂಗಳು ಕಾದು, ಮತ್ತೆ ಬಂದು ಹೇಳಿದರೆ ಬಿಡುಗಡೆಯಾಗುತ್ತದೆ. ತಕ್ಕ ಸಂದರ್ಭದಲ್ಲಿ ಆ 6 ತಿಂಗಳನ್ನು ಬಿಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದೆ. 2005ರ ಕಾಯಿದೆಯು ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಗಳಿಗೆ ರಕ್ಷಣೆ ಕೊಡುತ್ತದೆ. ಈ ಎಲ್ಲ ದಾರಿಗಳಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು, ಇನ್ನೊಬ್ಬರು ಕೂತು ಕೇಳಲೇಬೇಕು. ಮುದ್ದತ್ತಿನ ಮದುವೆಯಲ್ಲಿ ಅದಿಲ್ಲ. ಆದ್ದರಿಂದ ಅದು ನಮಗೆ ಸಮ್ಮತವಲ್ಲ.

ಇಷ್ಟು ಹೇಳಿ ಆ ಹುಡುಗನನ್ನು ಕಳಿಸಿದೆವು. ಆದರೆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅದರ ಕಾರಣವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮಠದ ಸಾಮೂಹಿಕ ವಿವಾಹದಲ್ಲಿ ನಾವೇ ಅಕ್ಕಿಕಾಳು ಹಾಕಿ ಹರಸಿದ ಮಗಳೊಬ್ಬಳು, ಎರಡು ವರ್ಷದ ಮೇಲೆ ತಾಯಿಯೊಡನೆ ಬಂದಳು. ಮುಂಗೈ ಬಾತಿತ್ತು. ನಾವು ನೋಡಿದೆವು. ನೋಡಿಯೂ, "ಹೊಂದಿಕೊಂಡು ಹೋಗವ್ವಾ, ಎಲ್ಲಾ ಸರಿ ಹೋಗತೈತಿ" ಎಂದು ಬಾಳೆಹಣ್ಣು ಕೊಟ್ಟು ಕಳಿಸಿದೆವು. ಮರುವರ್ಷ ಅವಳು ರಾತ್ರೋರಾತ್ರಿ ಕೂಸನ್ನು ಎತ್ತಿಕೊಂಡು ಮಠದ ಮುಂದಿನ ದಾರಿಯಲ್ಲಿಯೇ ತವರಿಗೆ ನಡೆದು ಹೋದಳಂತೆ. ಬಾಗಿಲು ಬಡಿಯಲಿಲ್ಲ. ತಂದೆ ಕೇಳಿದ್ದಕ್ಕೆ, "ಅಜ್ಜಾರನ್ನ ಒಮ್ಮೆ ಕೇಳೀನಲ್ಲ" ಎಂದಳಂತೆ.

ಆ ಹುಡುಗನ ಪ್ರಶ್ನೆಯೊಳಗೆ ಇದೂ ಇತ್ತು ಎಂದು ನಮಗೆ ಆ ರಾತ್ರಿ ಹೊಳೆಯಿತು. ಮುದ್ದತ್ತು ಇದ್ದರೆ, ಐದು ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬ ಗುಮಾಸ್ತನು ಅವಳನ್ನು "ನಿನಗೆ ಒಪ್ಪಿಗೆಯೇನಮ್ಮಾ?" ಎಂದು ಕೇಳುತ್ತಿದ್ದನು. ನಾವು ಜನ್ಮಕ್ಕೊಮ್ಮೆ ಕೇಳುತ್ತೇವೆ. ಅದೂ ತಲೆ ಬಗ್ಗಿಸಿದ್ದನ್ನು ಕಂಡು ಒಪ್ಪಿಗೆಯೆಂದು ತಿಳಿಯುತ್ತೇವೆ. ಲಿಂಗದೀಕ್ಷೆಗೆ ಮುದ್ದತ್ತಿಲ್ಲ. ಹಾಗೆಂದು ಒಮ್ಮೆ ಕಟ್ಟಿಕೊಂಡೆವೆಂದು ಯಾರೂ ಪೂಜೆ ಬಿಡುವುದಿಲ್ಲ. ಪ್ರತಿದಿನ ಅಂಗೈಯಲ್ಲಿಟ್ಟು ನೋಡುತ್ತೇವೆ. ಮದುವೆಯನ್ನು ಮಾತ್ರ ಕಟ್ಟಿ ಬಿಟ್ಟುಬಿಡುತ್ತೇವೆ. 'ನನ್ನದೇ ಹೊಲ, ಎಲ್ಲಿ ಹೋದೀತು' ಎಂದು ಕರಿಕೆ ಬೆಳೆಯಗೊಟ್ಟವರೂ ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ಆದಕಾರಣ, ಬರುವ ಜಾತ್ರೆಯಿಂದ ಮಠದಲ್ಲಿ ಮದುವೆಯಾದ ದಂಪತಿಗಳು ವರ್ಷ ತುಂಬಿದ ಮೇಲೆ ಒಮ್ಮೆ ಇಲ್ಲಿಗೆ ಬರಬೇಕು. ಸೊಸೆಯಾದವಳು ನಮ್ಮ ಹಿರಿಯ ತಾಯಂದಿರೊಡನೆ ಒಳಗೆ ಕುಳಿತು ಮಾತನಾಡುತ್ತಾಳೆ. ಆಗ ಗಂಡನಾಗಲಿ, ಅತ್ತೆಯಾಗಲಿ, ನಾವಾಗಲಿ ಒಳಗೆ ಇರುವುದಿಲ್ಲ. ಹೆಸರು ಬರೆದಿಡುವ ಕೆಲಸವನ್ನು ಆ ಕಾಯಿದೆ ಓದುವ ಹುಡುಗನಿಗೇ ಒಪ್ಪಿಸಿದ್ದೇವೆ. ನಿನ್ನೆ ವಹಿ ಹೊಲಿಸಿಕೊಂಡು ಬಂದಿದ್ದನು.